ಮಾರ್ಕೆಟ್ ವ್ಯಾಲ್ಯೂ ಅಂದರೆ ಯಾವ ಬೆಲೆ? ಸೈಟು, ಮನೆ, ಜಮೀನು ಇರುವವರಿಗೆ ಒಂದು ಮಾರ್ಗದರ್ಶಿ

"ನಮ್ಮ ಸೈಟಿನ ಮಾರ್ಕೆಟ್ ವ್ಯಾಲ್ಯೂ ಎಷ್ಟಾಗಬಹುದು?" ಬಹಳ ಜನ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳಿದವರಿಗೆಲ್ಲ ನಾನು ಮೊದಲು ತಿರುಗಿ ಕೇಳುವುದು, ಯಾವುದಕ್ಕೆ ಬೇಕು ಅಂತ. ಮಾರೋದಕ್ಕಾ? ರಿಜಿಸ್ಟ್ರೇಷನ್‌ಗಾ? ಬ್ಯಾಂಕ್ ಸಾಲಕ್ಕಾ? ಆದಾಯ ತೆರಿಗೆಗಾ? ಇಲ್ಲ, ರಸ್ತೆಗೆ ಜಮೀನು ಹೋಗ್ತಿದೆಯಾ? ಒಂದೇ ಸೈಟಿಗೆ, ಒಂದೇ ದಿನ, ಈ ಐದು ಕಡೆ ಐದು ಬೇರೆ ಬೇರೆ ಅಂಕಿ ಬರಬಹುದು. ಐದಕ್ಕೂ ಮಾರ್ಕೆಟ್ ವ್ಯಾಲ್ಯೂ ಅನ್ನೋ ಹೆಸರೇ ಇರುತ್ತದೆ. ಗೊಂದಲ ಶುರುವಾಗುವುದು ಅಲ್ಲೇ.

ನಿಮ್ಮ ಮನೆಯಲ್ಲಿರುವ ಯಾವುದಾದರೂ ಇಸಿ ತೆಗೆದು ನೋಡಿ. ಇಸಿ ಅಂದರೆ ಋಣಭಾರ ಪ್ರಮಾಣಪತ್ರ, ಆ ಆಸ್ತಿಯ ಮೇಲೆ ಇಂತಿಂಥ ಪತ್ರಗಳು ನೋಂದಣಿಯಾಗಿವೆ ಅಂತ ಹೇಳುವ ಕಾಗದ. ಅದರಲ್ಲಿ ಒಂದು ಕ್ರಯಪತ್ರದ ವಿವರದಲ್ಲಿ ಎರಡು ಮೊತ್ತ ಕಾಣಬಹುದು. ಒಂದು ಪ್ರತಿಫಲದ ಮೊತ್ತ, ಇನ್ನೊಂದು ಮಾರುಕಟ್ಟೆ ಮೌಲ್ಯ. ಪ್ರತಿಫಲ 38 ಲಕ್ಷ, ಮಾರುಕಟ್ಟೆ ಮೌಲ್ಯ 31 ಲಕ್ಷ ಅಂತ ಇದ್ದರೆ ಮಾರ್ಕೆಟ್ಟಿಗಿಂತ 7 ಲಕ್ಷ ಜಾಸ್ತಿ ಕೊಟ್ಟು ಕೊಂಡೆವಾ ಅಂತ ಗಾಬರಿಯಾಗುವವರಿದ್ದಾರೆ. ಹಾಗಲ್ಲ. ಪ್ರತಿಫಲ ಅಂದರೆ ಕೊಂಡವರು ಕೊಟ್ಟಿದ್ದು ಅಂತ ಪತ್ರದಲ್ಲಿ ಬರೆದ ಹಣ. ಆ ಕಾಗದದಲ್ಲಿರುವ 'ಮಾರುಕಟ್ಟೆ ಮೌಲ್ಯ' ಸಾಮಾನ್ಯವಾಗಿ ಸರ್ಕಾರದ ದರಪಟ್ಟಿಯಿಂದ ಗುಣಿಸಿ ತೆಗೆದ ಲೆಕ್ಕ. ನಿಜವಾದ ಮಾರ್ಕೆಟ್ ಎರಡಕ್ಕಿಂತಲೂ ಬೇರೆ ಇರಬಹುದು.

ಪದದ ಅರ್ಥ

ಕೊಳ್ಳಲು ಮನಸ್ಸಿರುವವನು ಒಬ್ಬ, ಮಾರಲು ಮನಸ್ಸಿರುವವನು ಒಬ್ಬ. ಇಬ್ಬರಿಗೂ ಅವಸರ ಇಲ್ಲ, ಬಲವಂತ ಇಲ್ಲ, ಆಸ್ತಿಯ ಒಳ್ಳೇದು ಕೆಟ್ಟದ್ದು ಇಬ್ಬರಿಗೂ ಗೊತ್ತು. ಅಂಥವರು ಒಪ್ಪುವ ಬೆಲೆಯೇ ಮಾರುಕಟ್ಟೆ ಮೌಲ್ಯ. ವಿಶಾಖಪಟ್ಟಣದ ಬಂದರಿಗೆ ಜಮೀನು ತೆಗೆದುಕೊಂಡ ಪ್ರಕರಣದಲ್ಲಿ, ಜಮೀನಿನ ಮಾಲೀಕ ಗಜಪತಿರಾಜು ಅವರ ಮೇಲ್ಮನವಿಯ ಮೇಲೆ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದಲ್ಲಿ ಭಾರತದ ಪ್ರಕರಣಗಳಿಗೆ ಕೊನೆಯ ಕೋರ್ಟು) 1939ರಲ್ಲೇ ಇದನ್ನು ಬಿಡಿಸಿ ಹೇಳಿತ್ತು. ಮಾರುವವನಿಗೆ ಕೊಡಲು ಮನಸ್ಸಿಲ್ಲ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬಾರದು, ಕೊಳ್ಳುವವನಿಗೆ ತುರ್ತು ಇದೆ ಅನ್ನುವುದನ್ನೂ ಹಿಡಿಯಬಾರದು. ಆ ಜಮೀನಿನಲ್ಲಿ ಒಂದು ನೀರಿನ ಬುಗ್ಗೆ ಇತ್ತು. ಅದರಿಂದ ಜಮೀನಿಗೆ ಮುಂದೆ ಬರಬಹುದಾದ ಉಪಯೋಗವನ್ನೂ ಬೆಲೆಯಲ್ಲಿ ಸೇರಿಸಬೇಕು ಅಂತ ತೀರ್ಮಾನವಾಯಿತು. ನಿಮ್ಮ ಹೊಲದಲ್ಲಿ ಒಳ್ಳೆ ಬೋರ್‌ವೆಲ್ ಇದ್ದರೆ, ರಸ್ತೆಗೆ ಮುಖ ಇದ್ದರೆ ಈ ಮಾತು ನಿಮಗೂ ಉಪಯೋಗಕ್ಕೆ ಬರುತ್ತದೆ.

1957ರ ಕರ್ನಾಟಕ ಸ್ಟಾಂಪ್ ಕಾಯ್ದೆ ಇದಕ್ಕೆ ಇನ್ನೊಂದು ಎಳೆ ಸೇರಿಸಿದೆ. ಪತ್ರ ಬರೆದುಕೊಟ್ಟ ದಿನ ತೆರೆದ ಮಾರುಕಟ್ಟೆಯಲ್ಲಿ ಅಧಿಕಾರಿಯ ಅಭಿಪ್ರಾಯದಂತೆ ಬರಬಹುದಾದ ಬೆಲೆ ಒಂದು, ಪತ್ರದಲ್ಲಿ ಬರೆದ ಪ್ರತಿಫಲ ಒಂದು. ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನೇ ಈ ಕಾಯ್ದೆ ಮಾರುಕಟ್ಟೆ ಮೌಲ್ಯ ಅನ್ನುತ್ತದೆ. ಹಾಗಾಗಿ ಮುದ್ರಾಂಕ ಶುಲ್ಕದ ಮಟ್ಟಿಗೆ ಕಡಿಮೆ ಅಂಕಿಯನ್ನು ಆರಿಸಿಕೊಳ್ಳುವ ಅವಕಾಶ ನಿಮಗಿಲ್ಲ.

ಮೊದಲು ಇವನ್ನು ಜೋಡಿಸಿಟ್ಟುಕೊಳ್ಳಿ

ನಿಮ್ಮ ಕ್ರಯಪತ್ರ, ಖಾತೆ (ಈಗ ಇ-ಖಾತಾ), ಜಮೀನಾದರೆ ಪಹಣಿ ಮತ್ತು ಸರ್ವೆ ಸ್ಕೆಚ್, ತೆರಿಗೆ ಕಟ್ಟಿದ ರಸೀದಿ, ಮನೆಯಾದರೆ ಮಂಜೂರಾದ ನಕ್ಷೆ. ಜೊತೆಗೆ ಒಂದು ಅಳತೆ ಟೇಪು. ಕಾಗದದಲ್ಲಿ 30 ಅಡಿ ಇದ್ದು ನೆಲದಲ್ಲಿ 28 ಅಡಿ ಇರುವ ಸೈಟುಗಳಿವೆ. ಮುಂದಿನ ಲೆಕ್ಕವೆಲ್ಲ ಈ ಅಳತೆಯ ಮೇಲೇ ನಿಂತಿದೆ.

ಹಂತ 1: ಯಾವ ಕೆಲಸಕ್ಕೆ, ಯಾವ ತಾರೀಖಿಗೆ?

ಒಂದು ಹಾಳೆಯ ಮೇಲೆ ಈ ಎರಡನ್ನೂ ಬರೆದುಕೊಳ್ಳಿ. ಮಾರಾಟಕ್ಕಾದರೆ ಇವತ್ತಿನ ಬೆಲೆ. ಮುದ್ರಾಂಕ ಶುಲ್ಕಕ್ಕಾದರೆ ಪತ್ರದ ದಿನದ ಬೆಲೆ. ಹಳೆ ಆಸ್ತಿ ಮಾರಿ ಬಂದ ಲಾಭಕ್ಕೆ ತೆರಿಗೆ ಲೆಕ್ಕ ಹಾಕುವಾಗ 2001ರ ಏಪ್ರಿಲ್ 1ರ ಬೆಲೆ. ಭೂಸ್ವಾಧೀನವಾದರೆ ಪ್ರಾಥಮಿಕ ಅಧಿಸೂಚನೆ ಹೊರಟ ದಿನದ ಬೆಲೆ. ತಾರೀಖು ಇಲ್ಲದ ಬೆಲೆಯನ್ನು ಯಾರೇ ಹೇಳಿದರೂ ಅದರ ಮೇಲೆ ಸಹಿ ಹಾಕುವಂಥ ಕೆಲಸ ಮಾಡಬೇಡಿ.

ಹಂತ 2: ಸರ್ಕಾರದ ದರ ನೋಡಿ

ಇದಕ್ಕೆ ಮಾರ್ಗಸೂಚಿ ದರ ಅಂತ ಹೆಸರು. ಎಲ್ಲರ ಬಾಯಲ್ಲಿ ಗೈಡೆನ್ಸ್ ವ್ಯಾಲ್ಯೂ. ನೋಂದಣಿ ಇಲಾಖೆಯ ಕಾವೇರಿ 2.0 ತಾಣದಲ್ಲಿ ಜಿಲ್ಲೆ, ತಾಲ್ಲೂಕು, ಊರು ಅಥವಾ ಬಡಾವಣೆ ಆರಿಸಿ ನೋಡಬಹುದು. ಸ್ಟಾಂಪ್ ಕಾಯ್ದೆಯ 45-ಬಿ ಪ್ರಕಾರ ಕೇಂದ್ರ ಮೌಲ್ಯಮಾಪನ ಸಮಿತಿ ಇದನ್ನು ನಿಗದಿ ಮಾಡುತ್ತದೆ. ಪರಿಷ್ಕರಣೆ ಪ್ರತಿ ವರ್ಷ ತಪ್ಪದೆ ಆಗುವುದಿಲ್ಲ. 2023ರ ಅಕ್ಟೋಬರ್ 1ರಂದು ರಾಜ್ಯದಲ್ಲಿ ದೊಡ್ಡ ಪರಿಷ್ಕರಣೆ ಜಾರಿಗೆ ಬಂತು. ಹೀಗಾಗಿ ಬೆಲೆ ಬೇಗ ಏರುವ ಕಡೆ ಈ ದರ ಮಾರ್ಕೆಟ್ಟಿನ ಹಿಂದೆ ಉಳಿದಿರುತ್ತದೆ. ಬೇಡಿಕೆ ಬಿದ್ದಿರುವ ಕಡೆ ಮಾರ್ಕೆಟ್ಟಿಗಿಂತ ಮೇಲೆಯೂ ಇರಬಹುದು.

ಇಲ್ಲಿ ಜನ ಎಡವುವುದು ಮೂರು ಕಡೆ. ಒಂದು, ದರ ಚದರ ಮೀಟರಿಗಾ ಚದರ ಅಡಿಗಾ ಅಂತ ನೋಡುವುದಿಲ್ಲ. ಒಂದು ಚದರ ಮೀಟರ್ ಅಂದರೆ 10.764 ಚದರ ಅಡಿ, ಹಾಗಾಗಿ ತಪ್ಪಿದರೆ ಲೆಕ್ಕ ಹತ್ತು ಪಟ್ಟು ತಪ್ಪುತ್ತದೆ. ಜಮೀನಿನ ದರ ಎಕರೆಗೆ ಇರುತ್ತದೆ. ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರ ಅಡಿ. ಎರಡು, ಬಡಾವಣೆಯ ಹೆಸರು ನೋಡಿ ನಿಲ್ಲಿಸುತ್ತಾರೆ. ಮುಖ್ಯರಸ್ತೆಗೆ ಬೇರೆ, ಒಳರಸ್ತೆಗೆ ಬೇರೆ ದರ ಇರುತ್ತದೆ. ಮೂರು, ಪಟ್ಟಿಯ ಜೊತೆಗಿರುವ ವಿಶೇಷ ಸೂಚನೆಗಳನ್ನು ಓದುವುದಿಲ್ಲ. ಮೂಲೆ ಸೈಟು, ಅಂಗಡಿ ಜಾಗ, ಕಟ್ಟಡದ ವಯಸ್ಸು ಇವಕ್ಕೆಲ್ಲ ಹೆಚ್ಚು ಕಡಿಮೆ ಮಾಡುವ ನಿಯಮ ಅಲ್ಲೇ ಇರುವುದು.

ಹಂತ 3: ಸುತ್ತಮುತ್ತ ನಿಜವಾಗಿ ಎಷ್ಟಕ್ಕೆ ಮಾರಾಟವಾಗಿದೆ?

ಹೆಚ್ಚು ಸಮಯ ಕೊಡಬೇಕಾದ ಹಂತ ಇದೇ. ಬ್ರೋಕರ್ ಹೇಳುವುದು ಕೇಳುವ ಬೆಲೆ, ಜಾಹೀರಾತಿನಲ್ಲಿರುವುದೂ ಕೇಳುವ ಬೆಲೆಯೇ. ನಿಮಗೆ ಬೇಕಾದದ್ದು ಕುದುರಿದ ಬೆಲೆ. ಅದು ಸಿಗುವುದು ಸಬ್ ರಿಜಿಸ್ಟ್ರಾರ್ ಕಚೇರಿಯ ದಾಖಲೆಯಲ್ಲಿ. ನೋಂದಣಿ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ಸ್ಥಿರಾಸ್ತಿಯ ಪತ್ರಗಳಿರುವ 1ನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ದೃಢೀಕೃತ ನಕಲೂ ಪಡೆಯಬಹುದು. ಪಕ್ಕದ ಸೈಟಿನ ಅಥವಾ ಸರ್ವೆ ನಂಬರಿನ ಇಸಿ ತೆಗೆಸಿದರೂ ಪ್ರತಿಫಲದ ಮೊತ್ತ ಗೊತ್ತಾಗುತ್ತದೆ.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ನಿಮ್ಮದು 30x40ರ ಸೈಟು, 30 ಅಡಿ ರಸ್ತೆಯಲ್ಲಿದೆ ಅಂದುಕೊಳ್ಳಿ. ಇಸಿಗಳಲ್ಲಿ ನಾಲ್ಕು ಮಾರಾಟ ಸಿಕ್ಕಿವೆ.

ಮೊದಲನೆಯದು 40x60, ಮೂಲೆ ಸೈಟು, 40 ಅಡಿ ರಸ್ತೆ, ಚದರ ಅಡಿಗೆ 5,600 ರೂಪಾಯಿ, ನಾಲ್ಕು ತಿಂಗಳ ಹಿಂದಿನದು. ಎರಡನೆಯದು ನಿಮ್ಮದೇ ರಸ್ತೆಯ 30x40, ಎಂಟು ತಿಂಗಳ ಹಿಂದೆ 4,600. ಮೂರನೆಯದು ಅಣ್ಣ ತಮ್ಮನಿಗೆ ಬರೆದುಕೊಟ್ಟದ್ದು, 2,500. ನಾಲ್ಕನೆಯದು ಹಿಂದಿನ ಬೀದಿಯ 20 ಅಡಿ ರಸ್ತೆಯ 30x40, ಮೂರು ತಿಂಗಳ ಹಿಂದೆ 4,200.

ಮೂರನೆಯದನ್ನು ಮೊದಲೇ ತೆಗೆದುಹಾಕಿ. ಮನೆಯವರ ನಡುವಿನ ವ್ಯವಹಾರ, ದಾನಪತ್ರ, ಹಕ್ಕುಬಿಡುಗಡೆ ಪತ್ರ, ಬ್ಯಾಂಕ್ ಹರಾಜು, ಆಸ್ಪತ್ರೆ ಖರ್ಚಿಗೋ ಸಾಲಕ್ಕೋ ಅವಸರದಲ್ಲಿ ಮಾರಿದ್ದು, ಇವು ಯಾವುವೂ ಮಾರ್ಕೆಟ್ ಬೆಲೆ ಹೇಳುವುದಿಲ್ಲ. ಮೊದಲನೆಯದು ಮೂಲೆ ಸೈಟು, ಅಗಲ ರಸ್ತೆ. ಅದನ್ನು ಮೇಲಿನ ಮಿತಿ ಅಂತ ಇಟ್ಟುಕೊಳ್ಳಿ, ನಿಮ್ಮದಕ್ಕೆ ನೇರ ಹೋಲಿಸಬೇಡಿ. ಉಳಿದದ್ದು 4,600 ಮತ್ತು 4,200. ರಸ್ತೆ ನೋಡಿದರೆ ನೀವು ಎರಡನೆಯದಕ್ಕೆ ಹತ್ತಿರ, ಆದರೆ ಹಿಂದಿನ ಬೀದಿಯದು ಇತ್ತೀಚಿನ ಮಾರಾಟ. 4,500 ಅಂತ ಹಿಡಿಯುವುದು ನ್ಯಾಯ. 1,200 ಚದರ ಅಡಿಗೆ 54 ಲಕ್ಷ.

ಆಮೇಲೆ ನಿಮ್ಮ ಸೈಟಿನದೇ ಗುಣ ದೋಷ ನೋಡಿ. ಬಿ ಖಾತಾ (ನಿಯಮದಂತೆ ಮಂಜೂರಾಗದ ಆಸ್ತಿಗೆ ಕೊಡುವ ಖಾತೆ) ಇದೆಯಾ, ರಾಜಕಾಲುವೆ ಪಕ್ಕದಲ್ಲಿದೆಯಾ, ಮೇಲೆ ಹೈಟೆನ್ಷನ್ ತಂತಿ ಹೋಗಿದೆಯಾ, ಹಿಂದೆ ಅಗಲ ಮುಂದೆ ಕಿರಿದಾಗಿದೆಯಾ? ಜಮೀನಾದರೆ ದಾರಿ ಇದೆಯಾ, ನೀರು ಇದೆಯಾ, ಖುಷ್ಕಿನಾ, ತರಿನಾ, ತೋಟನಾ? ಇವುಗಳಿಗೆ ಶೇಕಡಾ ಇಷ್ಟು ಕಳೆಯಿರಿ ಅನ್ನುವ ಸೂತ್ರ ಕೊಡುವವರನ್ನು ನಾನು ನಂಬುವುದಿಲ್ಲ. ಅದೇ ದೋಷ ಇದ್ದ ಇನ್ನೊಂದು ಆಸ್ತಿ ಎಷ್ಟಕ್ಕೆ ಹೋಯಿತು ಅಂತ ಹುಡುಕುವುದೇ ಸರಿಯಾದ ದಾರಿ.

ಇಲ್ಲಿ ಒಂದು ದೊಡ್ಡ ಅಡ್ಡಿ ಇದೆ. ಎಷ್ಟೋ ಕ್ರಯಪತ್ರಗಳಲ್ಲಿ ನಿಜವಾದ ಬೆಲೆ ಇರುವುದಿಲ್ಲ, ಗೈಡೆನ್ಸ್ ವ್ಯಾಲ್ಯೂ ಎಷ್ಟೋ ಅಷ್ಟೇ ಬರೆಸಿರುತ್ತಾರೆ. ಪ್ರತಿಫಲವೂ ಸರ್ಕಾರದ ದರವೂ ರೂಪಾಯಿಗೆ ರೂಪಾಯಿ ಒಂದೇ ಇದ್ದರೆ ಆ ಪತ್ರವನ್ನು ಅನುಮಾನದಿಂದಲೇ ನೋಡಿ. ಸಾಧ್ಯವಾದರೆ ಬ್ಯಾಂಕ್ ಸಾಲ ಮಾಡಿ ಕೊಂಡವರ ಪತ್ರ ಹುಡುಕಿ. ಅವುಗಳಲ್ಲಿ ಬೆಲೆ ಹೆಚ್ಚು ನಿಜ ಇರುತ್ತದೆ.

ಹಂತ 4: ವ್ಯಾಲ್ಯೂಯರ್, ಅಂದರೆ ಆಸ್ತಿಗೆ ಬೆಲೆ ಕಟ್ಟುವ ತಜ್ಞರು, ಬೇಕಾ?

ಮಾರೋದಕ್ಕೆ ಮಾತ್ರವಾದರೆ ಸಾಮಾನ್ಯವಾಗಿ ಬೇಡ. ಕುಟುಂಬದಲ್ಲಿ ಪಾಲು, ಕೋರ್ಟು, ತೆರಿಗೆ, ವೀಸಾ ಇಂಥದ್ದಕ್ಕಾದರೆ ಬೇಕು. ಬ್ಯಾಂಕ್ ತನ್ನದೇ ಪಟ್ಟಿಯ ವ್ಯಾಲ್ಯೂಯರ್‌ನನ್ನು ಕಳಿಸುತ್ತದೆ. ಅವರ ವರದಿಯಲ್ಲಿ ಮಾರುಕಟ್ಟೆ ಮೌಲ್ಯ, ಕೈಗೆ ಬರಬಹುದಾದ ಮೌಲ್ಯ, ಅವಸರದ ಮಾರಾಟದ ಮೌಲ್ಯ ಅಂತ ಮೂರು ಅಂಕಿ ಇರಬಹುದು. ಕೊನೆಯದು ಹರಾಜಿಗೆ ಹಾಕಿದರೆ ಎಷ್ಟು ಬರಬಹುದು ಅನ್ನುವ ಲೆಕ್ಕ. ಅದನ್ನು ನೋಡಿ ಬೇಸರ ಮಾಡಿಕೊಂಡು ಬೆಲೆ ಇಳಿಸಬೇಡಿ.

ಮನೆ ಸಾಲ ಮಾಡುವವರು ಇನ್ನೊಂದು ಗೊತ್ತಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಸಾಲಕ್ಕೆ ಮನೆಯ ಬೆಲೆಯ ಶೇ 90, 75 ಲಕ್ಷದವರೆಗೆ ಶೇ 80, ಅದರ ಮೇಲೆ ಶೇ 75 ಮಿತಿ. ಬ್ಯಾಂಕಿನ ಮೌಲ್ಯ ಕಡಿಮೆ ಬಂದರೆ ನೀವು ಕೈಯಿಂದ ಹಾಕುವ ಹಣ ಜಾಸ್ತಿಯಾಗುತ್ತದೆ. ಆದ್ದರಿಂದ ಮುಂಗಡ ಕೊಡುವ ಮೊದಲೇ ವ್ಯಾಲ್ಯೂಯೇಷನ್ ಮಾಡಿಸಿ.

ವಿಮೆಗೆ ಮಾತ್ರ ಮಾರ್ಕೆಟ್ ವ್ಯಾಲ್ಯೂ ತಂದು ಹಾಕಬೇಡಿ. ಬೆಂಕಿ ಬಿದ್ದರೆ ಸುಡುವುದು ಕಟ್ಟಡ, ನೆಲ ಅಲ್ಲ. ಮತ್ತೆ ಕಟ್ಟಲು ಎಷ್ಟು ಬೇಕೋ ಅಷ್ಟಕ್ಕೆ ವಿಮೆ ಮಾಡಿಸಿದರೆ ಸಾಕು.

ಹಂತ 5: ರಿಜಿಸ್ಟ್ರೇಷನ್ ಖರ್ಚು ಲೆಕ್ಕ ಹಾಕಿ

ಮೇಲಿನ ಸೈಟನ್ನೇ ತಗೊಳ್ಳಿ. ಗೈಡೆನ್ಸ್ ವ್ಯಾಲ್ಯೂ ಚದರ ಅಡಿಗೆ 3,000 ಅಂದುಕೊಂಡರೆ 36 ಲಕ್ಷ. ಮಾರಾಟದ ಬೆಲೆ 54 ಲಕ್ಷ. ಜಾಸ್ತಿ ಇರುವುದು 54, ಶುಲ್ಕ ಅದರ ಮೇಲೆ. ಮುದ್ರಾಂಕ ಶುಲ್ಕ ಶೇ 5, ಅಂದರೆ 2,70,000. ಆ ಶುಲ್ಕದ ಮೇಲೆ ಶೇ 10 ಸೆಸ್, 27,000. ನಗರವಾದರೆ ಶುಲ್ಕದ ಮೇಲೆ ಶೇ 2 ಸರ್‌ಚಾರ್ಜ್, 5,400. ಹಳ್ಳಿಯಾದರೆ ಶೇ 3. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ, 1,08,000. ಒಟ್ಟು 4,10,400 ರೂಪಾಯಿ. ಜೊತೆಗೆ, 50 ಲಕ್ಷ ಮುಟ್ಟಿದ ಆಸ್ತಿ ಕೊಳ್ಳುವವರು ಮಾರುವವರ ಹಣದಲ್ಲಿ ಶೇ 1 ಟಿಡಿಎಸ್ (ಅವರ ಹೆಸರಿನಲ್ಲಿ ಮುಂಚೆಯೇ ಕಡಿಯುವ ಆದಾಯ ತೆರಿಗೆ) ಹಿಡಿದು ಕಟ್ಟಬೇಕು.

ಬೆಲೆ ಕಡಿಮೆ ಬರೆದಿದ್ದಾರೆ ಅಂತ ಸಬ್ ರಿಜಿಸ್ಟ್ರಾರ್‌ಗೆ ಅನಿಸಿದರೆ ಸ್ಟಾಂಪ್ ಕಾಯ್ದೆಯ 45-ಎ ಅನ್ವಯ ತಮ್ಮ ಅಂದಾಜು ಬೆಲೆ ತಿಳಿಸುತ್ತಾರೆ. ಆ ಬೆಲೆಗೆ ಶುಲ್ಕ ಕಟ್ಟಿದರೆ ಪತ್ರ ಮುಂದೆ ಹೋಗುತ್ತದೆ. ಕಟ್ಟದಿದ್ದರೆ ನೋಂದಣಿ ತಡೆದು ಜಿಲ್ಲಾ ನೋಂದಣಾಧಿಕಾರಿಗೆ ಕಳಿಸುತ್ತಾರೆ, ಅಲ್ಲಿ ನಿಮ್ಮ ಮಾತು ಹೇಳಲು ಅವಕಾಶ ಇದೆ. ಹಂತ 3ರಲ್ಲಿ ತೆಗೆಸಿದ ನಕಲುಗಳು, ಸೈಟಿನ ದೋಷ ತೋರಿಸುವ ಫೋಟೋ, ವ್ಯಾಲ್ಯೂಯರ್ ವರದಿ ಇದ್ದರೆ ಮಾತ್ರ ಅಲ್ಲಿ ನಿಮ್ಮ ವಾದ ನಿಲ್ಲುತ್ತದೆ.

ಹಂತ 6: ಗೈಡೆನ್ಸ್ ವ್ಯಾಲ್ಯೂಗಿಂತ ಕಡಿಮೆಗೆ ಮಾರುತ್ತಿದ್ದರೆ ನಿಲ್ಲಿ

ಅದೇ ಸೈಟು ನಿಜವಾಗಿಯೂ 30 ಲಕ್ಷಕ್ಕೆ ಹೋಯಿತು, ಸರ್ಕಾರದ ದರ 36 ಲಕ್ಷ ಅಂದುಕೊಳ್ಳಿ. ಆದಾಯ ತೆರಿಗೆಯವರು ಶೇ 10ರವರೆಗಿನ ವ್ಯತ್ಯಾಸ ಬಿಡುತ್ತಾರೆ. 30 ಲಕ್ಷಕ್ಕೆ ಶೇ 10 ಸೇರಿಸಿದರೆ 33. ಸರ್ಕಾರದ ದರ ಅದನ್ನೂ ದಾಟಿದೆ. ಆಗ ಮಾರಿದವರಿಗೆ 36 ಲಕ್ಷ ಬಂದಿದೆ ಅಂತಲೇ ಹಿಡಿದು ಲಾಭದ ಲೆಕ್ಕ ಮಾಡುತ್ತಾರೆ. ಕೊಂಡವರಿಗೂ ಆ 6 ಲಕ್ಷವನ್ನು ಇತರ ಆದಾಯ ಅಂತ ಸೇರಿಸುತ್ತಾರೆ. ಒಂದೇ 6 ಲಕ್ಷಕ್ಕೆ ಎರಡೂ ಕಡೆ ಪೆಟ್ಟು. ಆಡಿಟರ್‌ಗಳ ಬಾಯಲ್ಲಿ ಇದು 50-ಸಿ ಮತ್ತು 56(2)(ಎಕ್ಸ್). 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ನಂಬರ್ ಬದಲಾಗಿದೆ. ನೋಟಿಸಿನಲ್ಲಿ ಬೇರೆ ನಂಬರ್ ಕಂಡರೆ ಗೊಂದಲ ಬೇಡ.

ಇದಕ್ಕೆ ಎರಡು ರಕ್ಷಣೆ ಇವೆ. ಸರ್ಕಾರದ ದರವೇ ಮಾರ್ಕೆಟ್ಟಿಗಿಂತ ಜಾಸ್ತಿ ಅಂತ ತೆರಿಗೆ ಅಧಿಕಾರಿಗೆ ಬರೆದುಕೊಟ್ಟು, ಇಲಾಖೆಯ ಮೌಲ್ಯಮಾಪನ ಅಧಿಕಾರಿಗೆ ಒಪ್ಪಿಸಿ ಅಂತ ಕೇಳಬಹುದು. ಎರಡನೆಯದು, ಅಗ್ರಿಮೆಂಟ್ ಆದ ಮೇಲೆ ರಿಜಿಸ್ಟ್ರೇಷನ್ ಆಗುವಷ್ಟರಲ್ಲಿ ದರ ಏರಿದ್ದರೆ ಅಗ್ರಿಮೆಂಟ್ ದಿನದ ದರವನ್ನೇ ಹಿಡಿಯಬಹುದು. ಆದರೆ ಆ ದಿನವೋ ಅದಕ್ಕೆ ಮೊದಲೋ ಸ್ವಲ್ಪವಾದರೂ ಮುಂಗಡ ಬ್ಯಾಂಕ್ ಮೂಲಕ ಹೋಗಿರಲೇಬೇಕು. ನಗದು ಮುಂಗಡ ಕೊಟ್ಟವರಿಗೆ ಈ ಅನುಕೂಲ ಇಲ್ಲ. ಸ್ಥಿರಾಸ್ತಿಗೆ 20,000 ರೂಪಾಯಿ ಅಥವಾ ಹೆಚ್ಚು ನಗದು ಪಡೆದರೆ, ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಹಂತ 7: ಅಪ್ಪ, ಅಜ್ಜನ ಕಾಲದ ಆಸ್ತಿಯಾದರೆ

2001ರ ಏಪ್ರಿಲ್ 1ಕ್ಕಿಂತ ಮೊದಲು ಕುಟುಂಬಕ್ಕೆ ಬಂದ ಆಸ್ತಿ ಮಾರುವಾಗ ಆ ದಿನದ ನ್ಯಾಯವಾದ ಮಾರುಕಟ್ಟೆ ಮೌಲ್ಯವನ್ನು ಕೊಂಡ ಬೆಲೆ ಅಂತ ತೋರಿಸಬಹುದು. ನೋಂದಾಯಿತ ವ್ಯಾಲ್ಯೂಯರ್ ವರದಿ ಮಾಡಿಸಿ. ಆ ದಿನ ಸರ್ಕಾರದ ದರ ಇದ್ದಲ್ಲಿ ಅದನ್ನು ಮೀರುವಂತಿಲ್ಲ. ಹಾಗಾಗಿ 2001ರ ಮಾರ್ಗಸೂಚಿ ದರದ ಪ್ರತಿಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಪಡೆಯಿರಿ. 2024ರ ಜುಲೈ 23ಕ್ಕೆ ಮೊದಲು ಪಡೆದ ನೆಲ, ಮನೆಗೆ ಇಲ್ಲೇ ವಾಸವಿರುವವರು ಎರಡು ಲೆಕ್ಕ ಹಾಕಿ ನೋಡಬೇಕು: ಕೊಂಡ ಬೆಲೆಗೆ ಹಣದುಬ್ಬರದ ಏರಿಕೆ ಸೇರಿಸದೆ ಶೇ 12.5, ಸೇರಿಸಿ ಶೇ 20. ಕಡಿಮೆ ಬರುವ ತೆರಿಗೆ ನಿಮ್ಮದು.

ಹಂತ 8: ಸರ್ಕಾರ ಜಮೀನು ತೆಗೆದುಕೊಳ್ಳುವಾಗ

ನಾನು ಈ ಲೇಖನ ಬರೆಯಲು ಮುಖ್ಯ ಕಾರಣ ಈ ಹಂತ. 2013ರ ಭೂಸ್ವಾಧೀನ ಕಾಯ್ದೆಯ 26ನೇ ಸೆಕ್ಷನ್ನಿನಂತೆ ಜಮೀನಿನ ಮಾರುಕಟ್ಟೆ ಮೌಲ್ಯವನ್ನು ಮುಖ್ಯವಾಗಿ ಎರಡು ಕಡೆಯಿಂದ ನೋಡುತ್ತಾರೆ. ಒಂದು ಸ್ಟಾಂಪ್ ಕಾಯ್ದೆಯ ದರ, ಇನ್ನೊಂದು ಹತ್ತಿರದ ಊರಿನಲ್ಲಿ ಅದೇ ಥರದ ಜಮೀನು ಮಾರಾಟವಾದ ಸರಾಸರಿ. ಜಾಸ್ತಿ ಇರುವುದನ್ನು ಹಿಡಿಯಬೇಕು. ಸರಾಸರಿಗೆ ಹಿಂದಿನ ಮೂರು ವರ್ಷದ ಕ್ರಯಪತ್ರಗಳನ್ನು ತೆಗೆದು, ಬೆಲೆ ಜಾಸ್ತಿ ಇರುವ ಅರ್ಧ ಪತ್ರಗಳನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳುತ್ತಾರೆ. ಹಳ್ಳಿಯ ಜಮೀನಿಗೆ ಅದನ್ನು 1ರಿಂದ 2ರವರೆಗಿನ ಅಂಶದಿಂದ ಗುಣಿಸಿ, ಮರ, ಬಾವಿ, ಕಟ್ಟಡದ ಬೆಲೆ ಸೇರಿಸಿ, ಒಟ್ಟಿಗೆ ಅಷ್ಟೇ ಸೊಲೇಷಿಯಂ, ಅಂದರೆ ಇಷ್ಟವಿಲ್ಲದೆ ಬಿಟ್ಟುಕೊಡುವುದಕ್ಕೆ ಸಾಂತ್ವನದ ಹಣ, ಕೊಡಬೇಕು. ಮಾರುಕಟ್ಟೆ ಮೌಲ್ಯದ ಮೇಲೆ ವರ್ಷಕ್ಕೆ ಶೇ 12 ಬೇರೆ.

ಎಲ್ಲಕ್ಕೂ ಬುಡ ಆ ಕ್ರಯಪತ್ರದ ಅಂಕಿ. ನಮ್ಮ ಕಡೆ ರಸ್ತೆಗೆ ಜಮೀನು ಹೋದಾಗ ಇದನ್ನು ಕಣ್ಣಾರೆ ಕಂಡೆ. ಎಕರೆಗೆ 40 ಲಕ್ಷಕ್ಕೆ ಕೊಂಡವರ ಪತ್ರದಲ್ಲಿ ಇದ್ದದ್ದು 9 ಲಕ್ಷ. ಅವರು ಉಳಿಸಿದ್ದು ಸ್ಟಾಂಪ್ ಹಣ, ಆದರೆ ಪಕ್ಕದ ಹೊಲದ ಅಜ್ಜಿ ಒಂದು ಗುಂಟೆಯನ್ನೂ ಮಾರದೆ ನಷ್ಟ ಅನುಭವಿಸಿದರು. ಆದ್ದರಿಂದ ಕೈಮುಗಿದು ಕೇಳುತ್ತೇನೆ, ಪತ್ರದಲ್ಲಿ ನಿಜವಾದ ಬೆಲೆಯನ್ನೇ ಬರೆಸಿ.

ಗೈಡೆನ್ಸ್ ವ್ಯಾಲ್ಯೂ ಇಷ್ಟೇ ಇದೆ, ಪರಿಹಾರವೂ ಅಷ್ಟೇ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಶುಲ್ಕ ವಸೂಲಿಗೆ ಮಾಡಿದ ಪಟ್ಟಿ, ಅದೊಂದರಿಂದಲೇ ಜಮೀನಿನ ಮಾರುಕಟ್ಟೆ ಮೌಲ್ಯ ತೀರ್ಮಾನವಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1994ರಲ್ಲೇ, ಜವಾಜಿ ನಾಗನಾಥಂ ಪ್ರಕರಣದಲ್ಲಿ ಹೇಳಿದೆ. ನೋಟಿಸ್ ಬಂದ ತಕ್ಷಣ ಅದು ಯಾವ ಕಾಯ್ದೆಯ ಕೆಳಗೆ ಬಂದಿದೆ ಅಂತ ನೋಡಿ. ಕೈಗಾರಿಕೆಗೆ ಜಮೀನು ತೆಗೆದುಕೊಳ್ಳುವ ಕೆಐಎಡಿಬಿ, ಬೆಂಗಳೂರಿನಲ್ಲಿ ಬಡಾವಣೆ ಮಾಡುವ ಬಿಡಿಎ, ಇವುಗಳಿಗೆ ಅವರದ್ದೇ ಕಾಯ್ದೆ ಇವೆ. ರಾಷ್ಟ್ರೀಯ ಹೆದ್ದಾರಿಯಾದರೆ ಬೆಲೆಯ ತಕರಾರು ಆರ್ಬಿಟ್ರೇಟರ್ (ಮಧ್ಯಸ್ಥಗಾರ) ಮುಂದೆ ಹೋಗುತ್ತದೆ.

2013ರ ಕಾಯ್ದೆಯ ಕೆಳಗೆ ಬಂದ ನೋಟಿಸಾದರೆ, ಅವಾರ್ಡ್ (ಪರಿಹಾರ ಇಷ್ಟು ಅಂತ ಅಧಿಕಾರಿ ಕೊಡುವ ಆದೇಶ) ಹೇಳುವಾಗ ನೀವು ಹಾಜರಿದ್ದರೆ ಹೆಚ್ಚಿನ ಪರಿಹಾರಕ್ಕೆ ಅರ್ಜಿ ಕೊಡಲು ಸಿಗುವುದು 6 ವಾರ ಮಾತ್ರ. ಹಣ ಪಡೆಯುವ ದಿನ ರಸೀದಿಯ ಮೇಲೆ, ಸಹಿ ಹಾಕುವ ಮೊದಲು, ನಿಮ್ಮ ಕೈಯಾರೆ ಒಂದು ಸಾಲು ಬರೆಯಿರಿ: "ಆಕ್ಷೇಪಣೆಗೆ ಒಳಪಟ್ಟು ಈ ಹಣ ಪಡೆದಿರುತ್ತೇನೆ." ಆ ಸಾಲು ಇಲ್ಲದೆ ಹಣ ಪಡೆದರೆ ಜಾಸ್ತಿ ಕೇಳುವ ಹಕ್ಕು ಅಲ್ಲಿಗೇ ಹೋಗುತ್ತದೆ. ಬರೆದ ಮೇಲೆ ಆ ರಸೀದಿಯ ಒಂದು ನಕಲು ತೆಗೆಸಿಕೊಂಡೇ ಕಚೇರಿಯಿಂದ ಹೊರಡಿ.